ಹೆಂಡತಿ ಈಗಷ್ಟೇ ಬೈಕ್ ಕಲಿತಿದ್ದಾಳೆ, ಜೊತೆಯಲ್ಲಿ ಹೋಗೋಕೆ ನಾನು ಯಾವ ಬೈಕ್ ತಗೊಳ್ಳಲಿ?

ಪ್ರಶ್ನೆ: ನನಗೆ 36 ವರ್ಷ, ಊರು ಮೈಸೂರು. ಹದಿನಾಲ್ಕು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಈಗ ಹಳೆಯ ಕೆಟಿಎಂ 390 ಡ್ಯೂಕ್ ಇದೆ. ಹೆಂಡತಿ ಆರು ವರ್ಷ ಸ್ಕೂಟರ್ ಓಡಿಸಿದವಳು. ಗೇರ್ ಬೈಕ್ ಕಲಿತು, ಡಿಎಲ್ ಮಾಡಿಸಿಕೊಂಡು, ಐದು ತಿಂಗಳ ಹಿಂದೆ ರಾಯಲ್ ಎನ್‌ಫೀಲ್ಡ್ ಹಂಟರ್ 350 ತಗೊಂಡಳು. ಅವಳ ಎತ್ತರ 5 ಅಡಿ 2 ಇಂಚು. ಹೋದ ತಿಂಗಳು ಇಬ್ಬರೂ ಒಂದೊಂದು ಬೈಕಿನಲ್ಲಿ ಹಾಸನದ ಮೇಲೆ ಚಿಕ್ಕಮಗಳೂರಿಗೆ ಹೋದೆವು. ಹತ್ತು ಹದಿನೈದು ಕಿಲೋಮೀಟರಿಗೊಮ್ಮೆ ನಿಂತು ಅವಳಿಗಾಗಿ ಕಾದೆ. ಆದರೂ ಊರು ಮುಟ್ಟುವ ಹೊತ್ತಿಗೆ ಅವಳಿಗೆ ಅಳು ಬರುವಷ್ಟು ಸುಸ್ತಾಗಿತ್ತು. ವಾಪಸ್ ಬರುವಾಗ ಮಾತೇ ಆಡಲಿಲ್ಲ. ನನ್ನ ಬೈಕ್ ಬದಲಾಯಿಸೋಣ ಅಂತಿದ್ದೇನೆ. ಇಂಟರ್‌ಸೆಪ್ಟರ್ 650 ಅಥವಾ ಹಿಮಾಲಯನ್ 450 ಮನಸ್ಸಿನಲ್ಲಿದೆ. ಅಥವಾ ಅವಳಿಗೇ ಇನ್ನಷ್ಟು ಪವರ್ ಇರುವ ಬೈಕ್ ಕೊಡಿಸಿದರೆ ನನಗೆ ಸರಿಸಮನಾಗಿ ಬರಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅವರಿಗೆ ಜಾಸ್ತಿ ಪವರಿನ ಬೈಕ್ ದಯವಿಟ್ಟು ಕೊಡಿಸಬೇಡಿ. ಹಂಟರ್ ಅವರಿಗೆ ಸರಿಯಾಗಿದೆ. ಸೀಟಿನ ಎತ್ತರ 790 ಮಿಲಿಮೀಟರ್, ತೂಕ 181 ಕೆಜಿ. ಆ ಎತ್ತರದವರಿಗೆ ಕಾಲು ನೆಲಕ್ಕೆ ಸಿಗುತ್ತೆ, ಎಂಜಿನ್ ಗಾಬರಿ ಹುಟ್ಟಿಸುವುದಿಲ್ಲ. ಐದು ತಿಂಗಳಲ್ಲಿ ಕೈಗೆ ಹತ್ತಿದ ಬೈಕನ್ನು ಬಿಡಿಸಿ ಇನ್ನೊಂದು ಕೊಟ್ಟರೆ ಕಲಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತೆ. ಬದಲಾಗಬೇಕಾದ್ದು ನಿಮ್ಮ ಬೈಕ್. ಆ ಯೋಚನೆ ನಿಮಗೇ ಬಂದಿದೆ ಅನ್ನೋದು ನನಗೆ ತುಂಬಾ ಖುಷಿ ಕೊಟ್ಟಿತು. ನನ್ನ ಹತ್ತಿರ ಸಲಹೆ ಕೇಳುವ ಗಂಡಂದಿರಲ್ಲಿ ಹೆಚ್ಚಿನವರು ಹೆಂಡತಿಯ ಬೈಕ್ ಬದಲಾಯಿಸುವ ಮಾತನ್ನೇ ಆಡುತ್ತಾರೆ.

ನಾನು ಗೇರ್ ಬೈಕ್ ಕಲಿತದ್ದು 29ನೇ ವಯಸ್ಸಿಗೆ. ಈಗ ಹನ್ನೊಂದು ವರ್ಷದಿಂದ ಹೆಂಗಸರಿಗೆ ಬೈಕ್ ಕಲಿಸುತ್ತಿದ್ದೇನೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಬರೆಯುತ್ತಿರುವುದು ಕಲಿಸುವವಳಾಗಿ ಅಲ್ಲ, ಒಂದು ಕಾಲಕ್ಕೆ ಹಿಂದೆ ಬರುತ್ತಿದ್ದವಳಾಗಿ. ನೀವು ನಿಂತು ಕಾದಿದ್ದೀರಿ. ಒಳ್ಳೆಯ ಮನಸ್ಸಿನಿಂದಲೇ ಕಾದಿದ್ದೀರಿ. ಹಿಂದೆ ಬರುವವರಿಗೆ ಅದು ಹೇಗಿರುತ್ತೆ ಅಂತ ಹೇಳುತ್ತೇನೆ, ಕೇಳಿ.

ನೀವು ಮುಂದೆ ಹೋಗಿ ಮರದಡಿ ನಿಲ್ಲುತ್ತೀರಿ. ಹೆಲ್ಮೆಟ್ ತೆಗೆದು, ನೀರು ಕುಡಿದು, ಐದು ನಿಮಿಷ ಕೈಕಾಲು ಆಡಿಸುತ್ತೀರಿ. ಅಷ್ಟರಲ್ಲಿ ಅವರು ಬರುತ್ತಾರೆ. ನೀವು "ಬಂದ್ಯಾ? ಸರಿ, ಹೊರಡೋಣ" ಅಂತ ಹೆಲ್ಮೆಟ್ ಹಾಕಿಕೊಳ್ಳುತ್ತೀರಿ. ದಾರಿಯುದ್ದಕ್ಕೂ ಹೀಗೇ ಆಗುತ್ತೆ. ಹತ್ತು ಸಲ ನಿಂತರೆ ಹತ್ತು ಸಲವೂ ವಿಶ್ರಾಂತಿ ಸಿಕ್ಕಿದ್ದು ನಿಮಗೆ. ಅವರಿಗೆ ಒಂದು ಸಲವೂ ಇಲ್ಲ. ಜೊತೆಗೆ ನೀವು ಕಣ್ಣಿಗೆ ಮರೆಯಾದ ಕೂಡಲೇ "ನನ್ನಿಂದ ತಡವಾಗ್ತಿದೆ" ಅನ್ನೋ ಭಾರ ತಲೆ ಮೇಲೆ ಕೂರುತ್ತೆ. ತಿರುವಿಗೆ ಬರುವಾಗ ತನಗೆ ಹಿತವಾದ ವೇಗಕ್ಕಿಂತ ಹತ್ತು ಕಿಲೋಮೀಟರ್ ಜಾಸ್ತಿ ಇಟ್ಟುಕೊಂಡು ಬರುತ್ತಾರೆ. ಸುಸ್ತು ಬರುವುದು ಇಲ್ಲಿಂದ. ಚಿಕ್ಕಮಗಳೂರಿಗೆ ಇಬ್ಬರೂ ಓಡಿಸಿದ್ದು ಅದೇ 180 ಕಿಲೋಮೀಟರ್. ಆದರೆ ಅವರು ಅಷ್ಟು ದೂರವೂ ನಿಮ್ಮನ್ನು ಅಟ್ಟಿಸಿಕೊಂಡು ಬಂದಿದ್ದಾರೆ.

ನನಗೆ ಇದು ಅರ್ಥವಾದದ್ದು ಚಾರ್ಮಾಡಿ ಘಾಟಿಯಲ್ಲಿ. ಕೊಟ್ಟಿಗೆಹಾರದಿಂದ ಇಳಿಯುತ್ತಿದ್ದೆವು. ನನ್ನ ಗಂಡ ಮುಂದೆ, ನಾನು ಹಿಂದೆ. ಅವರ ಬೈಕಿನ ಪವರ್ ನನ್ನದರ ಎರಡರಷ್ಟಿತ್ತು. ಒಂದು ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು, ನಾನು ನಿಂತೆ. ಕಾಲು ಇಟ್ಟ ಕಡೆ ರಸ್ತೆ ಇಳಿಜಾರಾಗಿತ್ತು. ನಿಂತಲ್ಲೇ ಬೈಕ್ ವಾಲಿತು, ಬಿದ್ದೆ. ಪೆಟ್ಟೇನೂ ಆಗಲಿಲ್ಲ. ಬಸ್ಸಿನಿಂದ ಇಬ್ಬರು ಇಳಿದು ಬೈಕ್ ಎತ್ತಿ ಕೊಟ್ಟರು. ನನ್ನ ಗಂಡ ಆಗ ನಾಲ್ಕು ತಿರುವು ಕೆಳಗಿದ್ದರು. ಹತ್ತು ನಿಮಿಷ ಕಳೆದ ಮೇಲೆ ಗಾಬರಿಯಿಂದ ತಿರುಗಿ ಬಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಬೈಕಿನಲ್ಲಿ 30ರ ವೇಗದಲ್ಲಿ ಇಳಿಯುವುದು ಅವರಿಗೆ ನಿಜವಾಗಿಯೂ ಕಷ್ಟವಾಗಿತ್ತು.

ಹಾಗಾಗಿ ನಾನು ಹೇಳುವುದು ಇಷ್ಟೇ. ಅವರ ವೇಗದಲ್ಲಿ ಖುಷಿಯಾಗಿ ಓಡುವ ಬೈಕ್ ತಗೊಳ್ಳಿ. ಸಹಿಸಿಕೊಂಡು ಓಡುವ ಬೈಕ್ ಸಾಲದು. 50ರಿಂದ 65ರ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೂ ನಿಮ್ಮ ಬಲಗೈ ತುರಿಸಬಾರದು.

ನಿಮ್ಮ ಡ್ಯೂಕ್ ಅಂಥ ಬೈಕಲ್ಲ. ಅದರ ಎಂಜಿನ್ನಿಗೆ ಜಾಸ್ತಿ ಆರ್‌ಪಿಎಂ ಬೇಕು, ಅಂದರೆ ಎಂಜಿನ್ ಜೋರಾಗಿ ತಿರುಗುತ್ತಿರಬೇಕು. ಕೆಳಗಿನ ಆರ್‌ಪಿಎಂನಲ್ಲಿ ಮೇಲಿನ ಗೇರ್ ಹಾಕಿದರೆ ಎಳೆದಾಡುತ್ತೆ. ಕೆಳಗಿನ ಗೇರ್ ಹಾಕಿದರೆ ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಮುನ್ನುಗ್ಗುತ್ತೆ. ಅದು ಆ ಬೈಕಿನ ತಪ್ಪಲ್ಲ, ಅದನ್ನು ಮಾಡಿರುವುದೇ ಹಾಗೆ. ಹಂಟರಿನಲ್ಲಿರುವ 349 ಸಿಸಿ ಎಂಜಿನ್ ಬೇರೆ ಸ್ವಭಾವದ್ದು. ಪವರ್ 20 ಬಿಎಚ್‌ಪಿ ಅಷ್ಟೇ, ಆದರೆ 27 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಶಕ್ತಿ, ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತೆ. ನಾಲ್ಕನೇ ಗೇರಿನಲ್ಲಿ 45ಕ್ಕೆ ಇಳಿದರೂ ಗೊಣಗದೆ ಮತ್ತೆ ಎತ್ತಿಕೊಳ್ಳುತ್ತೆ.

ನಮ್ಮ ರಸ್ತೆಗಳಿಗೆ ಇದಕ್ಕಿಂತ ಜಾಸ್ತಿ ಬೇಕಾಗುವುದೂ ಇಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ನಿಯಮದಲ್ಲಿ ಬೈಕಿಗೆ ನಾಲ್ಕು ಪಥದ ಹೆದ್ದಾರಿಯಲ್ಲೂ 80ರ ಮಿತಿಯೇ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನೇ ಬಿಡುತ್ತಿಲ್ಲ. ನೀವಿಬ್ಬರೂ ಬೆಂಗಳೂರಿಗೆ ಹೊರಟರೆ ಸರ್ವಿಸ್ ರಸ್ತೆಯಲ್ಲಿ ಹಂಪು, ಜಂಕ್ಷನ್ನು, ಅಡ್ಡ ಬರುವ ಟ್ರ್ಯಾಕ್ಟರು ನೋಡಿಕೊಂಡೇ ಹೋಗಬೇಕು. ಅಲ್ಲಿ ಇಂಟರ್‌ಸೆಪ್ಟರಿನ 47 ಬಿಎಚ್‌ಪಿ ಇಟ್ಟುಕೊಂಡು ಏನು ಮಾಡೋದು?

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಓವರ್‌ಟೇಕ್.

50ರಲ್ಲಿ ಹೋಗುತ್ತಿರುವ ಬಸ್ಸಿನ ಹಿಂದೆ ನೀವಿಬ್ಬರೂ ಇದ್ದೀರಿ ಅಂದುಕೊಳ್ಳಿ. ಹಿಂದಿನಿಂದ ಮುಂದಕ್ಕೆ ದಾಟಿ ಒಳಗೆ ಸೇರಿಕೊಳ್ಳೋಕೆ ಬಸ್ಸಿಗಿಂತ ಸುಮಾರು 40 ಮೀಟರ್ ಮುಂದೆ ಸಾಗಬೇಕು. 80ರಲ್ಲಿ ದಾಟಿದರೆ ಐದು ಸೆಕೆಂಡ್ ಸಾಕು, 70ರಲ್ಲಿ ದಾಟಿದರೆ ಏಳು ಸೆಕೆಂಡ್ ಬೇಕು. ಆ ಎರಡು ಸೆಕೆಂಡಿನಲ್ಲಿ ಎದುರಿನಿಂದ 60ರಲ್ಲಿ ಬರುವ ಲಾರಿ 33 ಮೀಟರ್ ಹತ್ತಿರ ಬಂದಿರುತ್ತೆ. 50ರಿಂದ ಆ ವೇಗಕ್ಕೆ ಏರಲು ಹಂಟರಿಗೆ ಬೇಕಾಗುವ ಸಮಯ ಇದರ ಮೇಲೆ ಸೇರುತ್ತೆ. ನಿಮ್ಮ ಡ್ಯೂಕಿಗೆ ಧಾರಾಳವಾಗಿರುವ ಜಾಗ ಅವರ ಹಂಟರಿಗೆ ಸಾಲುವುದಿಲ್ಲ. ಆದರೆ ಹಿಂದೆ ಬರುವ ಹೊಸಬರು ಎದುರಿನ ಲಾರಿಯನ್ನು ನೋಡುವುದು ಕಡಿಮೆ, ನಿಮ್ಮ ಹಿಂದಿನ ದೀಪವನ್ನು ನೋಡುವುದೇ ಜಾಸ್ತಿ. ನೀವು ಹೋದಿರಿ ಅಂದರೆ ಜಾಗ ಇದೆ ಅಂತಲೇ ಅವರು ನಂಬುತ್ತಾರೆ. ನಾನೂ ಹಾಗೇ ನಂಬಿ ಎರಡು ಸಲ ಲಾರಿಯ ಮುಂದೆ ಸಿಕ್ಕಿಹಾಕಿಕೊಳ್ಳುವುದರಲ್ಲಿದ್ದೆ.

ಇಬ್ಬರ ಬೈಕಿನ ಪವರ್ ಒಂದೇ ಇದ್ದರೆ ನಿಮ್ಮ ಅಂದಾಜು ಅವರಿಗೂ ಹೊಂದುತ್ತೆ. ಏರಿನಲ್ಲಿ ಲಾರಿ ದಾಟುವಾಗ ಗೇರ್ ಇಳಿಸಬೇಕಾ, ಸುಮ್ನೆ ಹಿಂದೆಯೇ ಇರಬೇಕಾ ಅನ್ನೋದು ನಿಮಗೆ ನಿಮ್ಮ ಬೈಕಿನಿಂದಲೇ ಗೊತ್ತಾಗುತ್ತೆ. ಹಾಗಂತ "ಬಾ" ಅಂತ ಕೈ ಸನ್ನೆ ಮಾತ್ರ ಮಾಡಬೇಡಿ. ಅವರ ಓವರ್‌ಟೇಕ್ ಅವರೇ ನೋಡಿ ತೀರ್ಮಾನ ಮಾಡಲಿ.

ಸ್ಕೂಟರಿನಿಂದ ಬೈಕಿಗೆ ಬಂದವರ ಒಂದು ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ಗಂಡಸರಿಗೆ ಯಾರೂ ಹೇಳಿರುವುದಿಲ್ಲ. ಸ್ಕೂಟರಿನಲ್ಲಿ ಎಡಗೈ ಲಿವರ್ ಹಿಂದಿನ ಬ್ರೇಕು. ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್ ಇದೆ, ಅದನ್ನು ಹಿಡಿದರೆ ಎಂಜಿನ್ನಿಗೂ ಚಕ್ರಕ್ಕೂ ಇರುವ ಸಂಪರ್ಕ ಬಿಟ್ಟುಹೋಗುತ್ತೆ. ಆರು ವರ್ಷ ಸ್ಕೂಟರ್ ಓಡಿಸಿದ ಕೈ ಗಾಬರಿಯಾದಾಗ ಯೋಚನೆ ಮಾಡುವುದಿಲ್ಲ, ಎಡಗೈ ಲಿವರನ್ನು ಬಿಗಿಯಾಗಿ ಹಿಡಿಯುತ್ತೆ. ಆಗ ಬೈಕ್ ನಿಲ್ಲುವುದಿಲ್ಲ. ಎಂಜಿನ್ನಿನ ತಡೆ ತಪ್ಪಿಹೋಗಿ ಇಳಿಜಾರಿನಲ್ಲಿ ಇನ್ನೂ ಮುಂದಕ್ಕೆ ಜಾರುತ್ತೆ. ಮನೆಯಲ್ಲಿ ಈಗಲೂ ಸ್ಕೂಟರ್ ಇದ್ದು ತರಕಾರಿ ತರೋಕೆ ಅದನ್ನೇ ಓಡಿಸುತ್ತಿದ್ದರೆ ಈ ಅಭ್ಯಾಸ ಬಿಡೋಕೆ ಇನ್ನೂ ಹೊತ್ತು ಬೇಕು. ಖಾಲಿ ಮೈದಾನದಲ್ಲಿ 30ರಿಂದ ಬಲಗೈ ಮತ್ತು ಬಲಗಾಲು ಎರಡನ್ನೂ ಒಟ್ಟಿಗೆ ಒತ್ತಿ ನಿಲ್ಲಿಸುವ ಅಭ್ಯಾಸವನ್ನು ದಿನಾ ಇಪ್ಪತ್ತು ಸಲ ಮಾಡಿಸಿ. ಕ್ಲಚ್ ಕೊನೆಯಲ್ಲಿ ಹಿಡಿಯಲಿ. ನಾನು ಕಲಿಸುವಾಗ ಇದೊಂದನ್ನೇ ಮೂರು ವಾರ ಮಾಡಿಸುತ್ತೇನೆ.

ಇದಕ್ಕೂ ನಿಮ್ಮ ಬೈಕಿಗೂ ಏನು ಸಂಬಂಧ ಅಂದರೆ, ಮುಂದೆ ಇರುವವರು ಗಕ್ಕನೆ ನಿಲ್ಲಿಸಿದರೆ ಹಿಂದಿನವರ ಗಾಬರಿ ಶುರುವಾಗುವುದೇ ಅಲ್ಲಿಂದ. ಜೋರು ಬೈಕಿನಲ್ಲಿ ವೇಗ ಏರುವುದೂ ಬೇಗ, ಇಳಿಯುವುದೂ ಬೇಗ. ಆಕ್ಸಿಲರೇಟರ್ ಬಿಟ್ಟರೆ ಸಾಕು, ಎಂಜಿನ್ನೇ ಬೈಕನ್ನು ಹಿಡಿದು ನಿಧಾನ ಮಾಡುತ್ತೆ. ಆದರೆ ಆಗ ಹಿಂದಿನ ಬ್ರೇಕ್ ಲೈಟ್ ಹತ್ತುವುದಿಲ್ಲ, ನೀವು ನಿಧಾನ ಆಗಿದ್ದು ಹಿಂದಿನವರಿಗೆ ತಡವಾಗಿ ಗೊತ್ತಾಗುತ್ತೆ. ಯಾವ ಬೈಕ್ ತಗೊಂಡರೂ ನಿಧಾನ ಮಾಡುವ ಮೊದಲು ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟು ದೀಪ ಎರಡು ಸಲ ಮಿಣುಕಿಸಿ.

ಈಗ ಬೈಕಿಗೆ ಬರೋಣ.

ಇಂಟರ್‌ಸೆಪ್ಟರ್ ಒಳ್ಳೆಯ ಬೈಕ್, ನನಗೂ ಇಷ್ಟ. ಎರಡು ಸಿಲಿಂಡರಿನ ಎಂಜಿನ್, 60ರಲ್ಲಿ ಬೆಣ್ಣೆಯ ಹಾಗೆ ಹೋಗುತ್ತೆ. ನೀವು ಒಬ್ಬರೇ ಹೋಗುವುದು ಜಾಸ್ತಿ ಇದ್ದಿದ್ದರೆ ಅದನ್ನೇ ತಗೊಳ್ಳಿ ಅನ್ನುತ್ತಿದ್ದೆ. ಆದರೆ ಅದರ ತೂಕ ಸುಮಾರು 217 ಕೆಜಿ. ದಾರಿಯಲ್ಲಿ ನಿಮಗೆ ಜ್ವರ ಬಂದರೆ, ಕೈ ಉಳುಕಿದರೆ, ಅವರು ಅದನ್ನು ರಸ್ತೆ ಬದಿಗೆ ತಳ್ಳಿ ನಿಲ್ಲಿಸುವುದೂ ಕಷ್ಟ. ಇಬ್ಬರೇ ಹೋಗುವ ಪ್ರಯಾಣದಲ್ಲಿ ಒಬ್ಬರ ಬೈಕನ್ನು ಇನ್ನೊಬ್ಬರು ಓಡಿಸುವ ಹಾಗಿರಬೇಕು. ನನ್ನ ಮಟ್ಟಿಗೆ ಇದನ್ನು ಬಿಟ್ಟುಕೊಡುವ ಮಾತೇ ಇಲ್ಲ.

ಹಿಮಾಲಯನ್ 450 ಕೂಡ ಅಲ್ಲೇ ಎಡವುತ್ತೆ. ತೂಕ 196 ಕೆಜಿ, ಪರವಾಗಿಲ್ಲ. ಸೀಟು ಕೆಳಗಿಳಿಸಿದರೂ 825 ಮಿಲಿಮೀಟರ್. 5 ಅಡಿ 2 ಇಂಚಿನವರಿಗೆ ಬರೀ ತುದಿಗಾಲು. ಅದರ ಎಂಜಿನ್ ಕೂಡ ಸ್ವಲ್ಪ ಮೇಲಿನ ಆರ್‌ಪಿಎಂನಲ್ಲೇ ಅರಳುವಂಥದ್ದು. ನೀವಿಬ್ಬರೂ ಹಳ್ಳ ದಿಣ್ಣೆ, ಮಣ್ಣಿನ ದಾರಿ ಹುಡುಕಿಕೊಂಡು ಹೋಗುವವರಾದರೆ ಮತ್ತೆ ಯೋಚಿಸಬಹುದು. ಹಂಟರ್ ಇಟ್ಟುಕೊಂಡು ಅವರು ಆ ದಾರಿಗೆ ಬರುವುದಿಲ್ಲ, ಹಾಗಾಗಿ ಈಗ ಆ ಮಾತು ಬೇಡ.

ನಾನು ನಿಮಗೆ ಹೇಳುವುದು ರಾಯಲ್ ಎನ್‌ಫೀಲ್ಡಿನದೇ ಮೀಟಿಯರ್ 350. ಹಂಟರಿನ ಅದೇ ಎಂಜಿನ್, ಅದೇ ಪವರ್. ಸೀಟು 765 ಮಿಲಿಮೀಟರ್, ಅಂದರೆ ಅವರ ಬೈಕಿಗಿಂತಲೂ ತಗ್ಗು. ತೂಕ 191 ಕೆಜಿ, ಆದರೆ ಭಾರ ಕೆಳಗೇ ಇರುವುದರಿಂದ ನಿಲ್ಲಿಸಿದಾಗ ಹೆದರಿಸುವುದಿಲ್ಲ. ಟ್ಯಾಂಕ್ 15 ಲೀಟರ್, ಹಂಟರಿನದು 13. ಪೆಟ್ರೋಲ್ ಮೊದಲು ಖಾಲಿಯಾಗುವುದು ನಿಮ್ಮದಲ್ಲ, ಅವರದು. ಹಾಗಾಗಿ ಬಂಕಿನ ಲೆಕ್ಕವನ್ನು ಅವರ ಬೈಕಿನ ಮೇಲೇ ಇಡಿ. ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು ಇರುವುದರಿಂದ ಪಂಕ್ಚರ್ ಆದರೆ ಕಿಟ್ ಇಟ್ಟುಕೊಂಡು ನೀವೇ ಹಾಕಬಹುದು. ಆಯಿಲ್, ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಎರಡೂ ಬೈಕಿಗೆ ಒಂದೇ. ಮೆಕ್ಯಾನಿಕ್ ಕೂಡ ಒಬ್ಬರೇ ಸಾಕು.

ಕಾಲು ಮುಂದಕ್ಕೆ ಚಾಚಿ ಕೂರುವುದು ನಿಮಗೆ ಒಗ್ಗದಿದ್ದರೆ ಹೋಂಡಾ ಹೈನೆಸ್ ಸಿಬಿ350 ನೋಡಿ. ಸೀಟು 800, ತೂಕ 181, ಕ್ಲಚ್ ತುಂಬಾ ಹಗುರ. ಕ್ಲಾಸಿಕ್ 350 ಮೂರನೆಯದು. ಅದರ ಸೀಟು 805, ತೂಕ 195, ಅವರಿಗೆ ಸ್ವಲ್ಪ ಭಾರ ಅನಿಸಬಹುದು. ಟ್ರಯಂಫ್ ಸ್ಪೀಡ್ 400 ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಸೀಟಿನ ಎತ್ತರ ಅವರಿಗೆ ಹೆಚ್ಚುಕಡಿಮೆ ಹೊಂದುತ್ತೆ. ಆದರೆ ಪವರ್ ಹಂಟರಿನ ಸುಮಾರು ಎರಡರಷ್ಟು, ನಿಮ್ಮ ಹಳೆಯ ತೊಂದರೆಯೇ ಹೊಸ ಬಣ್ಣದಲ್ಲಿ ಬಂದ ಹಾಗಾಗುತ್ತೆ.

ದುಡ್ಡಿನ ಲೆಕ್ಕವೂ ಈಗ ಇದೇ ಕಡೆಗೆ ವಾಲಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು, ಅದಕ್ಕಿಂತ ದೊಡ್ಡವಕ್ಕೆ 40 ಪರ್ಸೆಂಟ್ ಆಯಿತು. ಉಳಿದ ದುಡ್ಡಿನಲ್ಲಿ ಇಬ್ಬರಿಗೂ ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಅವರ ಕೈ ಅಳತೆಯ ಗ್ಲೌಸ್, ಕಣಕಾಲು ಮುಚ್ಚುವ ಗಟ್ಟಿ ಸೋಲಿನ ಶೂ ತಗೊಳ್ಳಿ. ದಪ್ಪ ಸೋಲಿನ ಶೂ ಹಾಕಿದರೆ ಕಾಲು ನೆಲಕ್ಕೆ ಇನ್ನೂ ಚೆನ್ನಾಗಿ ಸಿಗುತ್ತೆ. ಸೀಟಿನ ಫೋಮ್ ಕತ್ತರಿಸುವ ಮೊದಲು ಇದನ್ನು ಮಾಡಿ ನೋಡಿ.

ನಿಮ್ಮ ಬೈಕಿಗೆ ಬ್ಯಾಗ್ ಕಟ್ಟುವ ಕ್ಯಾರಿಯರ್ ಹಾಕಿಸಿ. ಇಬ್ಬರ ಸಾಮಾನೂ ನಿಮ್ಮ ಬೈಕಿನ ಮೇಲೇ ಇರಲಿ. ಹಿಂದೆ ಹತ್ತು ಕೆಜಿ ಏರಿದರೆ ಹೊಸಬರಿಗೆ ಯು-ಟರ್ನಿನಲ್ಲಿ ಬೈಕ್ ಬೇರೆಯೇ ಆಗಿಬಿಡುತ್ತೆ.

ಇನ್ನು ಯಾರು ಮುಂದೆ? ತೆರೆದ ರಸ್ತೆಯಲ್ಲಿ ಅವರು ಮುಂದೆ, ನೀವು ಹಿಂದೆ. ಆಗ ವೇಗ ಅವರದ್ದಾಗುತ್ತೆ, ಅಟ್ಟಿಸಿಕೊಂಡು ಹೋಗುವ ಕೆಲಸ ಇರುವುದಿಲ್ಲ. ಹಾಸನದ ಬಸ್ ಸ್ಟ್ಯಾಂಡ್ ಸುತ್ತ, ಗೊತ್ತಿಲ್ಲದ ಊರಿನ ಪೇಟೆಯಲ್ಲಿ ಮಾತ್ರ ನೀವು ಮುಂದೆ ಬಂದು ದಾರಿ ತೋರಿಸಿ. ಹಿಂದೆ ಇರುವಾಗ ಹೆಡ್‌ಲೈಟ್ ಡಿಮ್‌ನಲ್ಲೇ ಇರಲಿ, ಅವರ ಕನ್ನಡಿಗೆ ಬೆಳಕು ಹೊಡೆಯಬಾರದು. ಎರಡು ಸೆಕೆಂಡಿನ ಅಂತರ ಬಿಡಿ. 60ರಲ್ಲಿ ಅದು ಸುಮಾರು 33 ಮೀಟರ್. ಇಂಟರ್‌ಕಾಮ್ ಇದ್ದರೆ ಒಳ್ಳೆಯದು, ಆದರೆ ತಿರುವಿನಲ್ಲಿ "ಬ್ರೇಕ್ ಹಿಡಿ, ಗೇರ್ ಇಳಿಸು" ಅಂತ ಕಿವಿಯಲ್ಲಿ ಪಾಠ ಮಾಡಬೇಡಿ. ಹೇಳಬೇಕಾದ್ದನ್ನು ಕಾಫಿ ಕುಡಿಯುವಾಗ ಹೇಳಿ. ನಿಲ್ಲುವುದು ಎಲ್ಲಿ ಅಂತ ಅವರು ತೀರ್ಮಾನಿಸಲಿ, ಹೊರಡುವುದು ಯಾವಾಗ ಅಂತಲೂ ಅವರೇ ಹೇಳಲಿ.

ಘಾಟಿಯಲ್ಲಿ ಇಳಿಯುವಾಗ ಯಾವ ಗೇರಿನಲ್ಲಿ ಏರಬೇಕಾಗುತ್ತೋ ಅದೇ ಗೇರು. ಎರಡು ಅಥವಾ ಮೂರು. ನ್ಯೂಟ್ರಲ್ ಯಾವತ್ತೂ ಇಲ್ಲ. ಸುಗ್ಗಿ ಕಾಲದಲ್ಲಿ ನಮ್ಮ ಕಡೆಯ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿರುತ್ತಾರೆ, ಗಾಡಿ ಹತ್ತಿ ಒಕ್ಕಣೆಯಾಗಲಿ ಅಂತ. ಹೊಸಬರು ಅದನ್ನು ಹುಲ್ಲು ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದರ ಮೇಲೆ ಬ್ರೇಕ್ ಹಿಡಿದರೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇದ್ದರೂ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ಮೊದಲೇ ನಿಧಾನ ಮಾಡಿ, ಹ್ಯಾಂಡಲ್ ನೇರ ಇಟ್ಟು, ಬ್ರೇಕ್ ಮುಟ್ಟದೆ ದಾಟಬೇಕು. ಇದನ್ನು ಅವರಿಗೆ ಮನೆಯಲ್ಲೇ ಹೇಳಿಡಿ.

ಡ್ಯೂಕ್ ಮಾರುವ ಮೊದಲು ಒಂದು ಕೆಲಸ ಮಾಡಿ. ಶೋರೂಮಿನ ಎರಡು ಕಿಲೋಮೀಟರ್ ಟೆಸ್ಟ್ ರೈಡಿನಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ. ಒಂದು ದಿನಕ್ಕೆ ಮೀಟಿಯರ್ ಬಾಡಿಗೆಗೆ ತಗೊಳ್ಳಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರ್ ಇರುವ ಬೈಕನ್ನೇ ತಗೊಳ್ಳಿ, ಬಾಡಿಗೆಗೆ ಅನುಮತಿ ಇರುವುದು ಅಂಥವಕ್ಕೆ. ಭಾನುವಾರ ಬೆಳಿಗ್ಗೆ ಬೇಗ ಹೊರಟು ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಮೇಲುಕೋಟೆಗೆ ಹೋಗಿ. ಹೋಗೋಕೆ 50 ಕಿಲೋಮೀಟರ್, ಬರೋಕೆ 50. ನೇರ ರಸ್ತೆ, ಪೇಟೆ, ಕೊನೆಗೆ ಸ್ವಲ್ಪ ಏರು ಎಲ್ಲವೂ ಸಿಗುತ್ತೆ. ಅವರು ಮುಂದೆ ಇರಲಿ. ನೀವು ಹಿಂದೆ 50ರಲ್ಲಿ ಹೋಗುವಾಗ ನಿಮ್ಮ ಕೈ ಸುಮ್ಮನಿದೆಯಾ ನೋಡಿಕೊಳ್ಳಿ.

ಮೇಲುಕೋಟೆಯಲ್ಲಿ ಪುಳಿಯೋಗರೆ ತಿಂದು, ಕಲ್ಯಾಣಿ ಮೆಟ್ಟಿಲ ಮೇಲೆ ಒಂದು ಗಂಟೆ ಕೂತುಕೊಳ್ಳಿ. ಚಿಕ್ಕಮಗಳೂರಿನ ದಾರಿಯಲ್ಲಿ ಎಲ್ಲಿ ಹೆದರಿಕೆಯಾಯಿತು ಅಂತ ಅಲ್ಲಿ ಕೇಳಿ. ಅವರು ಹೇಳುವಾಗ ಮಧ್ಯೆ ಮಾತಾಡಬೇಡಿ. ವಾಪಸ್ ಬರುವಾಗ ಇಳಿಜಾರು ಮುಗಿದು ಜಕ್ಕನಹಳ್ಳಿ ದಾಟಿದ ಮೇಲೆ ಬೈಕ್ ಅದಲುಬದಲು ಮಾಡಿಕೊಳ್ಳಿ. ಅವರು ಮೀಟಿಯರ್ ಓಡಿಸಲಿ, ನೀವು ಹಂಟರ್ ಓಡಿಸಿ. ಶ್ರೀರಂಗಪಟ್ಟಣದ ಹತ್ತಿರ ನಿಂತು ಬೈಕ್ ಹೇಗಿತ್ತು ಅಂತ ಕೇಳಿ. "ಭಾರ ಅನ್ನಿಸ್ತು, ಆದ್ರೆ ಓಡಿಸಬಲ್ಲೆ" ಅಂದರೆ ಸೋಮವಾರ ಶೋರೂಮಿಗೆ ಹೋಗಿ. "ಇಲ್ಲ, ಆಗಲ್ಲ" ಅಂದರೆ ಮುಂದಿನ ಭಾನುವಾರ ಸಿಬಿ350 ಬಾಡಿಗೆಗೆ ತಗೊಂಡು ಇದೇ ದಾರಿಯಲ್ಲಿ ಮತ್ತೊಮ್ಮೆ ಹೋಗಿ ಬನ್ನಿ.